60 ಸಾವಿರದಲ್ಲಿ ಗೇಮಿಂಗ್ ಪಿಸಿ: ಅಂಗಡಿಯವರು ಕೊಟ್ಟ ಈ ಪಟ್ಟಿ ಸರಿ ಇದೆಯಾ?

ಬೆಣ್ಣೆನಗರಿ_ಗೇಮರ್

ಎಲ್ಲರಿಗೂ ನಮಸ್ಕಾರ. ಗೇಮಿಂಗ್‌ಗೆ ಪಿಸಿ ಜೋಡಿಸಬೇಕು. ಮಾನಿಟರ್ ಇದೆ (24 ಇಂಚು, 1080ಪಿ, 144 ಹರ್ಟ್ಜ್), ಕೀಬೋರ್ಡು ಮೌಸೂ ಇವೆ. ಬರೀ ಡಬ್ಬಕ್ಕೆ 60,000 ರೂಪಾಯಿ, ಎಳೆದಾಡಿದರೆ ಇನ್ನೊಂದು ಮೂರ್ನಾಲ್ಕು ಸಾವಿರ. ಆಡೋದು ವ್ಯಾಲರಂಟ್, ಜಿಟಿಎ 5, ಸೈಬರ್‌ಪಂಕ್ 2077. ವಾರಕ್ಕೆ ಒಂದೆರಡು ಸಲ ಸಣ್ಣಪುಟ್ಟ ವೀಡಿಯೊ ಎಡಿಟಿಂಗ್. ಅಂಗಡಿಯವರು ಬರೆದುಕೊಟ್ಟಿರೋದು ಇದು:

ಪ್ರೊಸೆಸರ್: ರೈಜನ್ 5 5500
ಮದರ್‌ಬೋರ್ಡ್: ಬಿ450, ರ‍್ಯಾಮ್‌ಗೆ ಎರಡೇ ಸ್ಲಾಟ್
ರ‍್ಯಾಮ್: ಡಿಡಿಆರ್4 3200, 16 ಜಿಬಿ, ಒಂದೇ ಸ್ಟಿಕ್
ಗ್ರಾಫಿಕ್ಸ್ ಕಾರ್ಡ್: ಆರ್‌ಟಿಎಕ್ಸ್ 3050 6 ಜಿಬಿ
ಎಸ್‌ಎಸ್‌ಡಿ: 512 ಜಿಬಿ ಎನ್‌ವಿಎಂಇ (ವೇಗದ ಬಗೆ)
ಕ್ಯಾಬಿನೆಟ್: ಮುಂದೆ ಗಾಜು, ಆರು ಆರ್‌ಜಿಬಿ ಫ್ಯಾನ್
ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಪೆಟ್ಟಿಗೆ): ಕ್ಯಾಬಿನೆಟ್ ಜೊತೆಗೇ ಬರುವ 450 ವ್ಯಾಟ್

ಇನ್ನೊಂದು ಅಂಗಡಿಯಲ್ಲಿ "4ನೇ ಜನರೇಷನ್ ಐ7, ಎಚ್81 ಬೋರ್ಡ್, 16 ಜಿಬಿ, ಆರ್‌ಎಕ್ಸ್ 580, ಎಲ್ಲಾ ಸೇರಿ ಅರ್ಧ ದುಡ್ಡಿಗೆ ಕೊಡ್ತೀವಿ, ಐ7 ಸಾರ್ ಇದು" ಅಂದರು. ಮನೇಲಿ ಇನ್ವರ್ಟರ್ ಇದೆ. ಬೇರೆ ಯುಪಿಎಸ್ ಬೇಕಾ? ಎಲ್ಲಿ ಕಡಿಮೆ ಮಾಡಬಹುದು, ಎಲ್ಲಿ ಮಾಡಬಾರದು ಅಂತ ತಿಳಿದವರು ಹೇಳಿ.

---

ಸ್ಕ್ರೂಡ್ರೈವರ್_ಶೆಟ್ರು

ಪಟ್ಟಿಯಲ್ಲಿ ಫ್ಯಾನ್ ಆರು, ರ‍್ಯಾಮ್ ಒಂದು. ಅಲ್ಲೇ ಗೊತ್ತಾಗುತ್ತೆ ದುಡ್ಡು ಯಾವ ಕಡೆ ಹರಿದಿದೆ ಅಂತ. ಗೇಮಿಂಗ್ ಪಿಸಿಯಲ್ಲಿ ಒಟ್ಟು ಬಜೆಟ್ಟಿನ ಶೇಕಡಾ 35–40 ಭಾಗ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಉಳಿದದ್ದೆಲ್ಲ ಆ ಕಾರ್ಡಿಗೆ ಅಡ್ಡ ಬರದಷ್ಟು ಇದ್ದರೆ ಸಾಕು.

ಮೊದಲು 3050ರ ಕಥೆ. ಅದೇ ಹೆಸರಲ್ಲಿ ಎರಡು ಕಾರ್ಡುಗಳಿವೆ. 8 ಜಿಬಿಯದ್ದರಲ್ಲಿ 2560 ಕೋರ್, 128 ಬಿಟ್ ಬಸ್ (ಮೆಮೊರಿಗೆ ಹೋಗೋ ದಾರಿಯ ಅಗಲ). 6 ಜಿಬಿಯದ್ದರಲ್ಲಿ 2304 ಕೋರ್, 96 ಬಿಟ್ ಬಸ್. ಮೆಮೊರಿ ವೇಗ ಸೆಕೆಂಡಿಗೆ 224 ಜಿಬಿಯಿಂದ 168ಕ್ಕೆ ಇಳಿಯುತ್ತೆ. ಅಂದರೆ ಕಮ್ಮಿಯಾಗಿರೋದು ಬರೀ 2 ಜಿಬಿ ಅಲ್ಲ, ಚಿಪ್ಪನ್ನೇ ಕತ್ತರಿಸಿದ್ದಾರೆ. 6 ಜಿಬಿಯದ್ದಕ್ಕೆ ಒಂದೇ ಒಂದು ಒಳ್ಳೆ ಗುಣ: 70 ವ್ಯಾಟಿನಲ್ಲೇ ಓಡುತ್ತೆ, ಹೆಚ್ಚಿನವಕ್ಕೆ ಬೇರೆ ಪವರ್ ವೈರ್ ಬೇಡ. ಹಳೇ ಆಫೀಸ್ ಡಬ್ಬಕ್ಕೆ ಗ್ರಾಫಿಕ್ಸ್ ಸಿಕ್ಕಿಸೋರಿಗೆ ಅದು ಸರಿ. ಹೊಸದಾಗಿ ಕಟ್ಟೋರಿಗೆ ಅಲ್ಲ.

ಅದರ ಜಾಗಕ್ಕೆ ಆರ್‌ಎಕ್ಸ್ 6600 ನೋಡಿ. 8 ಜಿಬಿ, 132 ವ್ಯಾಟ್, ಒಂದು 8-ಪಿನ್ ವೈರ್. 1080ಪಿಯಲ್ಲಿ 3050 6 ಜಿಬಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಸೈಬರ್‌ಪಂಕ್‌ನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಎಫೆಕ್ಟ್) ಆಫ್ ಮಾಡಿ, ಹೈ-ಮೀಡಿಯಂ ಬೆರೆಸಿಟ್ಟರೆ ಸೆಕೆಂಡಿಗೆ 60 ಫ್ರೇಮಿನ ಆಸುಪಾಸು ಆಡುತ್ತೆ. ವ್ಯಾಲರಂಟ್‌ನಲ್ಲಿ 144 ದಾಟೋದು ಕಷ್ಟವೇ ಅಲ್ಲ. ಎನ್‌ವಿಡಿಯಾ ಬಿಟ್ಟರೆ ಡಿಎಲ್‌ಎಸ್‌ಎಸ್ (ಫ್ರೇಮ್ ಹೆಚ್ಚಿಸೋ ಅವರ ತಂತ್ರ) ಹೋಗುತ್ತೆ, ಅವರದ್ದೇ CUDA ವ್ಯವಸ್ಥೆ ಬೇಡುವ ಸಾಫ್ಟ್‌ವೇರುಗಳೂ ಹೋಗುತ್ತವೆ. ವಾರಕ್ಕೆರಡು ಸಣ್ಣ ವೀಡಿಯೊ ಅಂದರೆ ಆ ನಷ್ಟ ಗೊತ್ತಾಗಲ್ಲ. ಎಡಿಟಿಂಗೇ ಹೊಟ್ಟೆಪಾಡಾಗಿದ್ದರೆ ಮಾತು ಬೇರೆ.

"6600 ಬದಲು 6500 ಎಕ್ಸ್‌ಟಿ ತಗೊಳ್ಳಿ, ನಂಬರಿನಲ್ಲಿ ಬರೀ ನೂರು ಕಮ್ಮಿ" ಅಂದರೆ ಬಲೆಗೆ ಬೀಳಬೇಡಿ. ಹೆಚ್ಚಿನವುಗಳಲ್ಲಿ ಮೆಮೊರಿ 4 ಜಿಬಿ, ಪಿಸಿಐಇ ಲೇನು (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ) ನಾಲ್ಕೇ, ವೀಡಿಯೊ ಎನ್‌ಕೋಡರ್ ಇಲ್ಲವೇ ಇಲ್ಲ.

ಪ್ರೊಸೆಸರಿಗೆ ಬಂದರೆ, 5500 ಮತ್ತು 5600 ಎರಡರಲ್ಲೂ 6 ಕೋರ್, 12 ಥ್ರೆಡ್. ವ್ಯತ್ಯಾಸ ಇರೋದು ಕ್ಯಾಶ್‌ನಲ್ಲಿ (ಚಿಪ್ಪಿನೊಳಗಿನ ಪುಟ್ಟ ವೇಗದ ಮೆಮೊರಿ): 5500ಗೆ ಎಲ್3 16 ಎಂಬಿ, 5600ಗೆ 32. ವ್ಯಾಲರಂಟ್ ತರಹದ, ಪ್ರೊಸೆಸರ್ ಮೇಲೆ ನಿಲ್ಲುವ ಗೇಮಿನಲ್ಲಿ ಈ ಕ್ಯಾಶ್ ಕೈ ಹಿಡಿಯುತ್ತೆ. ಇನ್ನೊಂದು, 5500 ಪಿಸಿಐಇ 3.0 ಮಾತ್ರ. ಆರ್‌ಎಕ್ಸ್ 6600ಗೆ ಇರೋದು 8 ಲೇನು. 4.0ರಲ್ಲಿ ಅದು ಸೆಕೆಂಡಿಗೆ ಸುಮಾರು 16 ಜಿಬಿ, 3.0ರಲ್ಲಿ 8 ಜಿಬಿ. ಕಾರ್ಡಿನ 8 ಜಿಬಿ ಮೆಮೊರಿ ತುಂಬೋವರೆಗೂ ಇದರ ಬಿಸಿ ತಟ್ಟಲ್ಲ, ತುಂಬಿ ಚೆಲ್ಲಿದಾಗ ಆಟ ತಡವರಿಸುತ್ತೆ. ಗಮನಿಸಿ, 5600 ಹಾಕಿ ಬೋರ್ಡು ಬಿ450 ಅಥವಾ ಎ520 ಇಟ್ಟರೂ 3.0ಗೇ ಇಳಿಯುತ್ತೆ. ಆದ್ದರಿಂದ 5600 ಮತ್ತು ಬಿ550 ಜೋಡಿಯಾಗಿ ತಗೊಳ್ಳಿ, ಇಲ್ಲ ಎರಡನ್ನೂ ಬಿಟ್ಟು 5500 ಮತ್ತು ಅಗ್ಗದ ಬೋರ್ಡಲ್ಲೇ ಇರಿ. ಅರ್ಧಂಬರ್ಧ ಮಾಡಿದರೆ ದುಡ್ಡು ದಂಡ.

ರ‍್ಯಾಮ್ ಒಂದೇ ಸ್ಟಿಕ್ ಯಾಕೆ ಬೇಡ ಅಂದರೆ, 3200ರ ಒಂದು ಸ್ಟಿಕ್ ಕೊಡೋದು ಸೆಕೆಂಡಿಗೆ 25.6 ಜಿಬಿ, ಎರಡು ಸೇರಿದರೆ 51.2. ಸರಾಸರಿ ಫ್ರೇಮಿಗಿಂತ ಹೆಚ್ಚಾಗಿ, ಆಗಾಗ ಗಕ್ಕನೆ ನಿಲ್ಲೋದು ಕಮ್ಮಿಯಾಗುತ್ತೆ. 8+8 ಹಾಕಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಅಟ್ಟ ಹತ್ತಿ ಕೂತಿದೆ, ಹಾಗಾಗಿ 32 ಜಿಬಿ ಆಸೆ ಸದ್ಯಕ್ಕೆ ಬಿಡಿ. ನಾಲ್ಕು ಸ್ಲಾಟಿನ ಬೋರ್ಡ್ ಇದ್ದರೆ ಮುಂದೆ ಸೇರಿಸಬಹುದು. ಸೆಕೆಂಡ್‌ಹ್ಯಾಂಡ್‌ನಲ್ಲಿ ಧೈರ್ಯವಾಗಿ ಕೊಳ್ಳಬಹುದಾದ ಭಾಗ ಅಂದರೆ ರ‍್ಯಾಮೇ. ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ, ಒಂದೇ ಒಂದು ತಪ್ಪು ಬಂದರೂ ವಾಪಸ್.

ಐ7 ಆಫರ್: ಬೇಡ. ಅದು 2013ರ ಕಾಲದ ಚಿಪ್, ಡಿಡಿಆರ್3 ರ‍್ಯಾಮ್. ಎಚ್81 ಬೋರ್ಡಿನಲ್ಲಿ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 2.0. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಆ ಪ್ರೊಸೆಸರನ್ನ ಅಧಿಕೃತವಾಗಿ ಒಪ್ಪಲ್ಲ. ಆರ್‌ಎಕ್ಸ್ 580 ಅಂತ ಕೊಡೋದು ಬಹಳ ಸಲ 2048ಎಸ್‌ಪಿ ಅನ್ನೋ ತಳಿ. ಅಸಲಿ 580ಯಲ್ಲಿ 2304 ಕೋರ್ ಇರಬೇಕು, ಇದರಲ್ಲಿ 2048. ನಾಳೆ ಮೇಲ್ದರ್ಜೆಗೆ ಹೋಗೋಣ ಅಂದರೆ ಆ ಡಬ್ಬದಿಂದ ಒಂದು ಸ್ಕ್ರೂ ಕೂಡ ಕೆಲಸಕ್ಕೆ ಬರಲ್ಲ.

---

ಹುಬ್ಬಳ್ಳಿ_ವೋಲ್ಟೇಜ್

ಶೆಟ್ರು ಹೇಳಿದ್ದೆಲ್ಲಾ ಖರೇ ಐತ್ರಿ. ಆದ್ರ ಕರೆಂಟಿನ ಮಾತು ಬಿಟ್ಟುಬಿಟ್ರು, ಅದನ್ನ ನಾ ಹೇಳ್ತೀನಿ.

ಕ್ಯಾಬಿನೆಟ್ ಜೋಡಿ ಬರೋ ಎಸ್‌ಎಂಪಿಎಸ್ ಮೈಮ್ಯಾಲ ಚೀಟಿ ಇರ್ತೈತಿ, ಅದನ್ನ ಓದ್ರಿ. "450 ವ್ಯಾಟ್" ಅಂತ ದಪ್ಪ ಅಕ್ಷರದಾಗ ಬರದಿರ್ತಾರ, ಕೆಳಗ 12 ವೋಲ್ಟಿನ ಸಾಲಿನ್ಯಾಗ ಸಣ್ಣಾಗಿ 18 ಆಂಪ್ ಅಂತ ಇರ್ತೈತಿ. 12 ಹದಿನೆಂಟ್ಲೆ 216 ವ್ಯಾಟ್. ಈಗಿನ ಪಿಸಿಯಾಗ ಪ್ರೊಸೆಸರು, ಗ್ರಾಫಿಕ್ಸು ಎರಡೂ ಉಣ್ಣೋದು ಈ 12 ವೋಲ್ಟಿನ್ಯಾಗ ಮಾತ್ರ. ಕಾರ್ಡಿಗೆ 132, 5600ಗೆ ಜಾಸ್ತಿ ಅಂದ್ರ 76, ಬೋರ್ಡು-ಫ್ಯಾನು-ಎಸ್‌ಎಸ್‌ಡಿ ಹಿಡದು ಇನ್ನೊಂದು 40. ಅಲ್ಲಿಗೇ 250 ಆತು. ಮ್ಯಾಲ ಕಾರ್ಡು ಕಣ್ಣ ಮಿಟುಕೋದ್ರಾಗ ಒಮ್ಮೊಮ್ಮೆ ಜಿಗಿತೈತಿ. ಆಟದ ನಡುವ ಪಟ್ಟಂತ ಆಫ್ ಆಗೋದು ಇದಕ್ಕರಿ. ಬರೇ ಆಫ್ ಆದ್ರ ಪುಣ್ಯ. ಅಗ್ಗದ್ದು ಸಾಯುವಾಗ ಬೋರ್ಡು, ಕಾರ್ಡು ಎರಡನ್ನೂ ಜೋಡಿ ಕರ್ಕೊಂಡು ಹೋಗ್ತೈತಿ.

550 ವ್ಯಾಟ್, 12 ವೋಲ್ಟಿನ್ಯಾಗ 45 ಆಂಪ್ ಹತ್ರ ಇರೋದು, ಐದು ವರ್ಷ ವಾರಂಟಿ ಇರೋದು ನೋಡಿ ತಗೋರಿ. 80 ಪ್ಲಸ್ ಬ್ರಾಂಜ್ ಅಂದ್ರ ಕರೆಂಟ್ ಎಷ್ಟು ಪೋಲಾಗ್ತೈತಿ ಅನ್ನೋ ಲೆಕ್ಕ ಅಷ್ಟ. ಅದು ಸುರಕ್ಷತೆಯ ಸರ್ಟಿಫಿಕೇಟ್ ಅಲ್ಲ. ಬಾಕ್ಸ್ ಮ್ಯಾಲ ಓವರ್ ವೋಲ್ಟೇಜ್, ಓವರ್ ಕರೆಂಟ್, ಶಾರ್ಟ್ ಸರ್ಕ್ಯೂಟ್, ಓವರ್ ಟೆಂಪರೇಚರ್ ಪ್ರೊಟೆಕ್ಷನ್ ನಾಲ್ಕೂ ಬರದಾರೇನು ನೋಡ್ರಿ. 8-ಪಿನ್ ಇಲ್ಲದ ಎಸ್‌ಎಂಪಿಎಸ್‌ಗೆ ಮೊಲೆಕ್ಸ್ (ಹಳೇ 4-ಪಿನ್) ಕನ್ವರ್ಟರ್ ಸಿಕ್ಕಿಸಿ ಕಾರ್ಡ್ ಓಡಿಸೋದು ಬ್ಯಾಡೇ ಬ್ಯಾಡ. ಆ ವೈರ್ ಕರಗ್ತೈತಿ.

ಇನ್ವರ್ಟರ್ ವಿಷಯ: ಹಿಂದ ಒಂದು ಸ್ವಿಚ್ ಇರ್ತೈತಿ, ಯುಪಿಎಸ್ ಮೋಡ್ ಮತ್ತ ಎಕೊ ಅಥವಾ ನಾರ್ಮಲ್ ಮೋಡ್ ಅಂತ. ಯುಪಿಎಸ್ ಮೋಡಿನ್ಯಾಗ ಬದಲಾಗೋದು ಸುಮಾರು 10 ಮಿಲಿಸೆಕೆಂಡ್, ಛಲೋ ಎಸ್‌ಎಂಪಿಎಸ್ ಪೂರ್ತಿ ಲೋಡಿನ್ಯಾಗ ಸುಮಾರು 16 ಮಿಲಿಸೆಕೆಂಡ್ ತಡಕೊಂತೈತಿ. ನಾರ್ಮಲ್ ಮೋಡಿನ್ಯಾಗ ಅದಕಿಂತ ಹೊತ್ತು ಹಿಡಿತೈತಿ, ಪಿಸಿ ರಿಸ್ಟಾರ್ಟ್. ಇನ್ವರ್ಟರ್ ಸೈನ್ ವೇವ್ ಇರಬೇಕು. ಸ್ಕ್ವೇರ್ ವೇವ್ ಇದ್ರ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳಿಯೋದನ್ನ ಹೊಂದಿಸೋ ಸರ್ಕ್ಯೂಟ್) ಇರೋ ಎಸ್‌ಎಂಪಿಎಸ್ ಗುಂಯ್ ಅಂತ ಒದರ್ತೈತಿ, ಇಲ್ಲಾ ಬಂದ್ ಆಗ್ತೈತಿ. ಬ್ಯಾರೆ ಯುಪಿಎಸ್ ತರೋದಾದ್ರ 600 ವಿಎ ಸಾಲಂಗಿಲ್ಲ. ಅದು ಸಾಮಾನ್ಯವಾಗಿ 360 ವ್ಯಾಟ್ ಅಷ್ಟ, ಮಾನಿಟರ್ ಹಿಡದು ಅಂಚಿಗೇ ಬರ್ತೀರಿ. 1000 ಅಥವಾ 1100 ವಿಎ ನೋಡ್ರಿ. ಅದೂ ಆಟ ಮುಂದುವರಿಸಾಕಲ್ಲ, ಸೇವ್ ಮಾಡಿ ಬಂದ್ ಮಾಡಾಕ.

ಕಡೇದು ಅರ್ಥಿಂಗ್. ಬರಿಗಾಲಾಗ ನಿಂತು ಕ್ಯಾಬಿನೆಟ್ ಮುಟ್ಟಿದ್ರ ಚುರುಚುರು ಅಂದ್ರ ನಿಮ್ಮ ಪ್ಲಗ್ಗಿಗೆ ಅರ್ಥ್ ಇಲ್ಲಂತನ ತಿಳಕೋರಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪ್ಯಾಸಿಟರಿನಿಂದ ಅರ್ಥಿಲ್ಲದ ಡಬ್ಬದ ಮೈಮ್ಯಾಲ ಸುಮಾರು 115 ವೋಲ್ಟ್ ನಿಂತಿರ್ತೈತಿ. ಮಲ್ಟಿಮೀಟರಿನ್ಯಾಗ ನ್ಯೂಟ್ರಲ್ಲಿಗೂ ಅರ್ಥಿಗೂ ಅಳದ್ರ ಎರಡ್ಮೂರು ವೋಲ್ಟಿನ ಒಳಗ ಇರಬೇಕು; ಫೇಸಿಗೂ ಅರ್ಥಿಗೂ 230ರ ಹತ್ರ ಬರಬೇಕು. ಎಲೆಕ್ಟ್ರಿಷಿಯನ್ನರ ಕೈಲೇ ಅಳಸ್ರಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಬ್ಯಾಡ್ರಿ.

---

ಎಲ್‌ಜಿಎ_1700

ಎಲ್ಲರೂ ಎಎಂ4 (5500, 5600 ಕೂರೋ ಸಾಕೆಟ್) ಅಂತಲೇ ಯಾಕೆ? ಇದೇ ಬಜೆಟ್ಟಿನಲ್ಲಿ ಇಂಟೆಲ್ ಐ5-12400ಎಫ್ ಬರುತ್ತೆ. 6 ಕೋರ್, 12 ಥ್ರೆಡ್, ಅದೇ ಡಿಡಿಆರ್4, ಕಾರ್ಡಿಗೆ ಪಿಸಿಐಇ 4.0 ಚಿಂತೆಯೇ ಇಲ್ಲ. ಬೋರ್ಡು ಬಿ660 ಅಥವಾ ಬಿ760ರ ಡಿಡಿಆರ್4 ಆವೃತ್ತಿ ಅಂತ ಒತ್ತಿ ಕೇಳಿ. ಒಂದೇ ಹೆಸರಿನ ಬೋರ್ಡು ಡಿಡಿಆರ್4, ಡಿಡಿಆರ್5 ಎರಡರಲ್ಲೂ ಬರುತ್ತೆ, ತಪ್ಪು ತಂದರೆ ರ‍್ಯಾಮ್ ಕೂರೋದೇ ಇಲ್ಲ. ಎಚ್610 ಅಗ್ಗ, ಆದರೆ ರ‍್ಯಾಮ್ ಸ್ಲಾಟ್ ಎರಡೇ, ಬಹಳಷ್ಟರಲ್ಲಿ ಎಸ್‌ಎಸ್‌ಡಿ ಕೂರಿಸೋ ಎಂ.2 ಸ್ಲಾಟ್ ಒಂದೇ.

ಮುಂದೆ 13, 14ನೇ ಜನರೇಷನ್ನಿನ ಚಿಪ್ ಅದೇ ಸಾಕೆಟ್ಟಿಗೆ ಕೂರುತ್ತೆ. ಅವುಗಳಲ್ಲಿ ವೋಲ್ಟೇಜ್ ತೊಂದರೆ ಬಂದಿತ್ತು, ಇಂಟೆಲ್ 2024ರಲ್ಲಿ ಅದನ್ನ ಸರಿಪಡಿಸೋ ಮೈಕ್ರೋಕೋಡ್ (ಚಿಪ್ಪಿನ ಒಳ ಸಾಫ್ಟ್‌ವೇರ್) ಕೊಟ್ಟಿದೆ. ಹಾಗಾಗಿ ಆಗ ಬಯಾಸ್ (ಬೋರ್ಡಿನ ಒಳ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಯೇ ಚಿಪ್ ಹಾಕಬೇಕು. 12400ಎಫ್‌ಗೆ ಆ ತೊಂದರೆ ಇಲ್ಲ.

ಎಎಂ5 (ರೈಜನ್‌ನ ಹೊಸ ಸಾಕೆಟ್) ಒಳ್ಳೇದೇ, ರೈಜನ್ 5 7500ಎಫ್ ಇವೆರಡಕ್ಕಿಂತ ಜೋರು. ಆದರೆ ಅದಕ್ಕೆ ಡಿಡಿಆರ್5 ಬಿಟ್ಟರೆ ಬೇರೆ ಗತಿಯಿಲ್ಲ. ಈಗಿನ ರ‍್ಯಾಮ್ ಬೆಲೆಯಲ್ಲಿ 60 ಸಾವಿರದೊಳಗೆ ಎಎಂ5 ಮಾಡ ಹೊರಟರೆ ಕೊನೆಗೆ ಕತ್ತಿ ಬೀಳೋದು ಗ್ರಾಫಿಕ್ಸ್ ಕಾರ್ಡಿನ ಮೇಲೇ.

---

ಸ್ಕ್ರೂಡ್ರೈವರ್_ಶೆಟ್ರು

12400ಎಫ್ ಬಗ್ಗೆ ತಕರಾರಿಲ್ಲ. ಚಿಪ್ಪು ಮತ್ತು ಬೋರ್ಡಿನ ಬೆಲೆ ಕೂಡಿಸಿ ನೋಡಿ, ಯಾವುದು ಕಮ್ಮಿಯೋ ಅದು. ಆಟದಲ್ಲಿ ಇವೆರಡರ ನಡುವೆ ಬೆರಳಷ್ಟೂ ಅಂತರವಿಲ್ಲ.

ಒಂದು ಎಚ್ಚರಿಕೆ: ಯಾರಾದರೂ ಇಂಟೆಲಿನ ಆರ್ಕ್ ಬಿ580 ಗ್ರಾಫಿಕ್ಸ್ ಕಾರ್ಡ್ ತೋರಿಸಬಹುದು. 12 ಜಿಬಿ ಮೆಮೊರಿ, ಕಾರ್ಡು ಚೆನ್ನಾಗಿದೆ. ಆದರೆ ಅದರ ಡ್ರೈವರ್ ಪ್ರೊಸೆಸರಿಗೆ ಹೊರೆ ಹೊರಿಸುತ್ತೆ. 5500, 5600ರ ಮಟ್ಟದ ಚಿಪ್ಪಿನಲ್ಲಿ ಕೆಲವು ಗೇಮುಗಳಲ್ಲಿ ಕಾರ್ಡು ಕೈ ಕಟ್ಟಿ ಕೂರುತ್ತೆ. ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿ ಪ್ರೊಸೆಸರಿಗೆ ಒಮ್ಮೆಗೇ ಸಿಗೋ ಬಯಾಸ್ ಸೆಟ್ಟಿಂಗ್) ಆನ್ ಇರದಿದ್ದರಂತೂ ಕೊಳ್ಳಲೇಬಾರದು.

---

ಬೆಣ್ಣೆನಗರಿ_ಗೇಮರ್

ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ಇಲ್ಲಿಗೆ ಬಂದಿದ್ದೀನಿ: 5600, ಬಿ550 ನಾಲ್ಕು ಸ್ಲಾಟಿನದು, 8+8 ಜಿಬಿ 3200, ಆರ್‌ಎಕ್ಸ್ 6600, 1 ಟಿಬಿ ಎನ್‌ವಿಎಂಇ, 550 ವ್ಯಾಟ್ ಬ್ರಾಂಜ್, ಮುಂದೆ ಜಾಲರಿ ಇರೋ ಕ್ಯಾಬಿನೆಟ್. ಬಜೆಟ್ ಮೀರಿದರೆ ಮೊದಲು ಯಾವುದನ್ನ ಕಡಿಯಲಿ? ಬೆಂಗಳೂರಿಗೆ ಬಂದು ಎಸ್‌ಪಿ ರೋಡಲ್ಲಿ ತಗೊಳ್ಳೋ ಯೋಚನೆ. ಜೋಡಿಸೋದು ನಾನೇ.

---

ಬಯಾಸ್_ಭಟ್ಟ

ಕಡಿಯುವ ಸರದಿ: ಮೊದಲು ಕ್ಯಾಬಿನೆಟ್ಟಿನ ಬಣ್ಣದ ಲೈಟು. ಆಮೇಲೆ 1 ಟಿಬಿ ಬದಲು 500 ಜಿಬಿ; ಸೈಬರ್‌ಪಂಕ್ ಒಂದಕ್ಕೇ 70 ಜಿಬಿ ಬೇಕು, ಎರಡ್ಮೂರು ಗೇಮಿಗೆ ಸಾಲುತ್ತೆ, ಎರಡನೇ ಎಂ.2 ಸ್ಲಾಟಿಗೆ ಮುಂದೆ ಸೇರಿಸಬಹುದು. ಅದಾದ ಮೇಲೆ 5600 ಮತ್ತು ಬಿ550 ಬಿಟ್ಟು 5500ಗೆ ಇಳಿಯೋದು. ಎಸ್‌ಎಂಪಿಎಸ್ ಮುಟ್ಟಬೇಡಿ. ಎಸ್‌ಎಸ್‌ಡಿ ಪಿಸಿಐಇ 3.0ರದ್ದಾದರೂ ಸಾಕು, ಸೆಕೆಂಡಿಗೆ 3500 ಮತ್ತು 5000 ಎಂಬಿ ನಡುವಿನ ವ್ಯತ್ಯಾಸ ಗೇಮ್ ಲೋಡ್ ಆಗುವಾಗ ಕಣ್ಣಿಗೆ ಬೀಳಲ್ಲ. ಎಂ.2 ಅಂದಾಕ್ಷಣ ಎನ್‌ವಿಎಂಇ ಅಲ್ಲ, ಸಾಟಾ ಕೂಡ ಅದೇ ಆಕಾರದಲ್ಲಿ ಬರುತ್ತೆ. ಒಂದೇ ಕಡೆ ಕಚ್ಚು ಇದ್ದರೆ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಬಹುಪಾಲು ಸಾಟಾ; ಬಾಕ್ಸ್ ಓದಿ ಖಚಿತ ಮಾಡಿಕೊಳ್ಳಿ.

ಎಸ್‌ಪಿ ರೋಡಲ್ಲಿ ನಾಲ್ಕು ಅಂಗಡಿ ಸುತ್ತಿ ದರ ಬರೆಸಿಕೊಳ್ಳಿ, ಆದರೆ "ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಕಮ್ಮಿ" ಅನ್ನೋ ಮಾತಿಗೆ ಮರುಳಾಗಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಕಾರ್ಡು, ಬೋರ್ಡು, ಎಸ್‌ಎಂಪಿಎಸ್‌ನ ಸೀರಿಯಲ್ ನಂಬರ್ ಬರೆಸಿ. ಅದಿಲ್ಲದೆ ಸರ್ವಿಸ್ ಸೆಂಟರಿನಲ್ಲಿ ವಾದ ಮಾಡೋದು ಕಷ್ಟ. ಪ್ರೊಸೆಸರ್ ಬಾಕ್ಸಿನದ್ದೇ ಇರಲಿ. ಬಿಡಿಯಾಗಿ ಬರೋ ಟ್ರೇ ಚಿಪ್ಪಿನಲ್ಲಿ ಕೂಲರ್ ಇರಲ್ಲ, ವಾರಂಟಿ ಸಾಮಾನ್ಯವಾಗಿ ಅಂಗಡಿಯವರದ್ದೇ. ಬೋರ್ಡಿನ ಬಾಕ್ಸ್ ಮೇಲೆ "ರೈಜನ್ 5000 ರೆಡಿ" ಸ್ಟಿಕರ್ ನೋಡಿ. ಹಳೇ ಬಯಾಸ್ ಇದ್ದರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರೋ ಬೋರ್ಡಾದರೆ ಫ್ಯಾಟ್32 ಪೆನ್‌ಡ್ರೈವಿಗೆ ಫೈಲ್ ಹಾಕಿ, ಮ್ಯಾನ್ಯುಯಲ್ ಹೇಳಿದ ಹೆಸರಿಟ್ಟು, ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡಬಹುದು.

ಜೋಡಿಸುವಾಗ ಎಡವೋ ಜಾಗಗಳು. ಬೋರ್ಡನ್ನ ಅದರ ಬಾಕ್ಸ್ ಮೇಲೆ ಇಟ್ಟು, ಕ್ಯಾಬಿನೆಟ್ಟಿಗೆ ಹಾಕೋ ಮೊದಲೇ ಪ್ರೊಸೆಸರು, ಕೂಲರು, ರ‍್ಯಾಮು, ಎಸ್‌ಎಸ್‌ಡಿ ಕೂರಿಸಿ. 5600 ಜೊತೆ ಬರೋ ಕೂಲರಿಗೆ ಬೋರ್ಡಿನ ಮೇಲಿರೋ ಎರಡು ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು. ಬಿಚ್ಚಿದ ತಕ್ಷಣ ಹಿಂದಿನ ಲೋಹದ ಪ್ಲೇಟ್ ಕಳಚಿ ಬೀಳುತ್ತೆ, ಕೈ ಅಡ್ಡ ಹಿಡಿದಿರಿ. ಪೇಸ್ಟ್ ಮೊದಲೇ ಬಳಿದಿರುತ್ತೆ, ಮತ್ತೆ ಹಚ್ಚಬೇಡಿ. ನಾಲ್ಕು ಸ್ಕ್ರೂ ಎದುರುಬದುರು ಮೂಲೆಯಂತೆ, ಒಂದೊಂದಕ್ಕೆ ಎರಡೆರಡು ಸುತ್ತು ಕೊಡುತ್ತಾ ಬಿಗಿ ಮಾಡಿ.

ರ‍್ಯಾಮ್ ಪ್ರೊಸೆಸರಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಅಕ್ಕಪಕ್ಕ ಹಾಕಿದರೆ ಎರಡಿದ್ದೂ ಒಂದೇ ಚಾನೆಲ್. ಟಕ್ ಅಂತ ಸದ್ದು ಬರೋವರೆಗೂ ಒತ್ತಿ. ಕ್ಯಾಬಿನೆಟ್ಟಿನಲ್ಲಿ ಬೋರ್ಡಿನ ತೂತು ಇಲ್ಲದ ಜಾಗದಲ್ಲಿ ಸ್ಟ್ಯಾಂಡ್‌ಆಫ್ (ಬೋರ್ಡನ್ನ ಎತ್ತಿ ಹಿಡಿಯೋ ಲೋಹದ ಪುಟ್ಟ ಕಂಬ) ಉಳಿದಿದ್ದರೆ ತೆಗೀರಿ, ಇಲ್ಲವಾದರೆ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್. ಪ್ರೊಸೆಸರಿನ 4+4 ಪಿನ್ನೂ ಕಾರ್ಡಿನ 6+2 ಪಿನ್ನೂ ನೋಡೋಕೆ ಅಣ್ಣತಮ್ಮ, ಒಂದರ ಜಾಗಕ್ಕೆ ಇನ್ನೊಂದನ್ನ ತುರುಕಬೇಡಿ. ಮುಂದಿನ ಯುಎಸ್‌ಬಿ 3ರ 19 ಪಿನ್ ಬೇಗ ಬಾಗುತ್ತೆ, ನೇರವಾಗಿ ಒತ್ತಿ. ಫ್ಯಾನ್: ಮುಂದೆ ಎರಡು ಗಾಳಿ ಒಳಗೆಳೆಯೋಕೆ, ಹಿಂದೆ ಒಂದು ಹೊರಗೆ ತಳ್ಳೋಕೆ.

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಂಐನಲ್ಲಿ ಏನೂ ಬರಲ್ಲ. "ಪಿಸಿ ಸತ್ತಿದೆ" ಅಂತ ಬರೋ ಪ್ರಶ್ನೆಗಳಲ್ಲಿ ಎಷ್ಟೋ ಇದೇ. ಮೊದಲ ಸಲ ಆನ್ ಮಾಡಿದಾಗ ತಾನೇ ಎರಡ್ಮೂರು ಸಲ ಆಫ್-ಆನ್ ಆದರೆ ಹೆದರಬೇಡಿ, ರ‍್ಯಾಮ್ ಹೊಂದಿಸಿಕೊಳ್ಳುತ್ತಿರುತ್ತೆ. ಬಾರದೇ ಇದ್ದರೆ ಬೋರ್ಡಿನ ಮೇಲಿನ ಪುಟ್ಟ ದೀಪ ನೋಡಿ: ಡಿರ‍್ಯಾಮ್ ಹತ್ತಿದ್ದರೆ ಒಂದೇ ಸ್ಟಿಕ್ ಹಾಕಿ ನೋಡೋದು, ವಿಜಿಎ ಹತ್ತಿದ್ದರೆ ಕಾರ್ಡು ಮತ್ತೆ ಕೂರಿಸಿ 8-ಪಿನ್ ನೋಡೋದು.

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ (ಕೆಲವು ಬೋರ್ಡಲ್ಲಿ ಡಿಒಸಿಪಿ ಅಂತಾರೆ), ಇಲ್ಲವಾದರೆ 3200ರ ರ‍್ಯಾಮ್ 2133 ಅಥವಾ 2400ಕ್ಕೆ ಓಡುತ್ತೆ. ರೀಸೈಜಬಲ್ ಬಾರ್ ಆನ್. ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ವ್ಯವಸ್ಥೆ ಎರಡೂ ಕೇಳುತ್ತೆ. ಆದ್ದರಿಂದ ವಿಂಡೋಸ್ ಹಾಕೋ ಮೊದಲೇ ಸಿಎಸ್‌ಎಂ (ಹಳೇ ಬೂಟ್ ವಿಧಾನ) ಆಫ್, ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಟಿಪಿಎಂ) ಆನ್, ಸೆಕ್ಯೂರ್ ಬೂಟ್ ಆನ್ ಮಾಡಿ, ಡಿಸ್ಕ್ ಜಿಪಿಟಿ ಅನ್ನೋ ಹೊಸ ಪಾರ್ಟಿಷನ್ ವಿಧಾನದಲ್ಲೇ ಇರಲಿ. ಹಳೇ ಎಂಬಿಆರ್ ವಿಧಾನದಲ್ಲಿ ಹಾಕಿಬಿಟ್ಟು ಆಮೇಲೆ ಸಿಎಸ್‌ಎಂ ಆಫ್ ಮಾಡಿದರೆ ವಿಂಡೋಸ್ ಏಳೋದೇ ಇಲ್ಲ. ಕೊನೆಗೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 144 ಹರ್ಟ್ಜ್ ಆರಿಸಿ. ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತೆ.

---

ಬೆಣ್ಣೆನಗರಿ_ಗೇಮರ್

ಇದನ್ನ ಪ್ರಿಂಟ್ ತೆಗೆದು ಇಟ್ಕೊಳ್ತೀನಿ. ಕೊನೇ ಪ್ರಶ್ನೆ: ಹೊಸ 6600 ಸಿಗದೇ ಹೋದರೆ ಸೆಕೆಂಡ್‌ಹ್ಯಾಂಡ್ ಕಾರ್ಡ್ ತಗೊಳ್ಳಬಹುದಾ? ಕ್ರಿಪ್ಟೋ ಮೈನಿಂಗ್‌ಗೆ ಓಡಿಸಿದ್ದು ಅಂತ ಹೆದರಿಸ್ತಾರೆ. ನಮ್ಮ ಕಡೆ ಬೇಸಿಗೆ ಬಿಸಿಲು ಬೇರೆ ಜೋರು.

---

ಹುಬ್ಬಳ್ಳಿ_ವೋಲ್ಟೇಜ್

ತಗೋಬಹುದ್ರಿ, ಓಡಿಸಿ ನೋಡಿ ತಗೋಬೇಕು. ಮೈನಿಂಗಿನ್ಯಾಗ ಚಿಪ್ ಅಷ್ಟು ಸುಲಭಕ್ಕ ಸಾಯಂಗಿಲ್ಲ, ಸವೆಯೋದು ಫ್ಯಾನಿನ ಬೇರಿಂಗ್, ಒಣಗೋದು ಪೇಸ್ಟು ಮತ್ತ ಥರ್ಮಲ್ ಪ್ಯಾಡು. ಮೊದಲ ಜಿಪಿಯು-ಝಡ್ ಸಾಫ್ಟ್‌ವೇರ್ ತಗದು ನೋಡ್ರಿ: 6600ಗೆ 1792 ಶೇಡರ್, 8 ಜಿಬಿ ಜಿಡಿಡಿಆರ್6, 128 ಬಿಟ್, ಪಿಸಿಐಇ 8 ಲೇನ್. ಒಂದು ಅಂಕಿ ತಪ್ಪಿದ್ರೂ ಎದ್ದು ಬರ್ರಿ. ಆಮ್ಯಾಲ 20 ನಿಮಿಷ ಲೋಡ್ ಹಾಕಿ ಎಚ್‌ಡಬ್ಲ್ಯೂಇನ್ಫೊ ಸಾಫ್ಟ್‌ವೇರಿನ್ಯಾಗ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ನೋಡ್ರಿ. ಮಿತಿ 110 ಡಿಗ್ರಿ. ಸಾದಾ ಟೆಂಪರೇಚರ್ 65-70, ಹಾಟ್‌ಸ್ಪಾಟ್ ಅದಕ್ಕಿಂತ 15-20 ಜಾಸ್ತಿ ಇದ್ರ ಸರಿ. ಅಂತರ 30 ದಾಟಿದ್ರ ಪೇಸ್ಟ್ ಹೋಗೈತಿ, ಅಷ್ಟು ರೇಟ್ ಇಳಸ್ರಿ. ಪರದೆ ಮ್ಯಾಲ ಚುಕ್ಕಿ ಬಂದ್ರ ಮೆಮೊರಿ ಹೋಗೈತಿ, ಆ ಕಾರ್ಡ್ ಪುಕ್ಕಟೆ ಕೊಟ್ರೂ ಬ್ಯಾಡ.

ಬಿಸಿಲಿಗೆ: ಕೋಣಿ 25ರಿಂದ 38 ಆತಂದ್ರ ಕಾರ್ಡಿನ ಬಿಸಿನೂ ಹೆಚ್ಚುಕಮ್ಮಿ ಅಷ್ಟ ಏರ್ತೈತಿ. ಚಳಿಗಾಲದಾಗ ಪರೀಕ್ಷೆ ಮಾಡಿದ್ರ ಅದನ್ನ ಕೂಡಿಸಿ ಲೆಕ್ಕ ಹಾಕ್ರಿ. 5600ಗೆ ಮಿತಿ 90. ಜೋಡಿ ಬರೋ ಕೂಲರ್ ಏಪ್ರಿಲ್-ಮೇದಾಗ ಅಂಚಿಗೆ ಬಂದು ಒದರಾಕ ಶುರು ಮಾಡಿದ್ರ ನಾಲ್ಕು ಹೀಟ್‌ಪೈಪಿನ ಒಂದು ಟವರ್ ಕೂಲರ್ ಆಗ ಹಾಕ್ರಿ, ಈಗ ಬ್ಯಾಡ. ಕೊಳ್ಳೂ ಮುಂದ ಕ್ಯಾಬಿನೆಟ್ಟಿನ ಅಗಲ ಅಷ್ಟ ನೋಡಿಟ್ಟಿರ್ರಿ. ಆ ಕೂಲರ್ ಎತ್ತರ ಸಾಮಾನ್ಯವಾಗಿ 150-160 ಮಿಲಿಮೀಟರ್ ಇರ್ತೈತಿ, ಸಣ್ಣ ಡಬ್ಬದಾಗ ಗಾಜಿನ ಬಾಗಿಲ ಮುಚ್ಚಂಗಿಲ್ಲ.